ದಾನಿಯ ಹೃದಯ ಹೊರಡುವುದು ಹೇಗೆ? ಪೆಟ್ಟಿಗೆಗಿಂತ ಮೊದಲು ಅಳತೆ

ರಸ್ತೆ ಖಾಲಿ ಮಾಡಿಸಿ ಆಂಬುಲೆನ್ಸ್ ಓಡುವ ವಿಡಿಯೊ ನೋಡಿರುತ್ತೀರಿ. ಅಷ್ಟು ಅವಸರ ಯಾಕೆಂದರೆ, ಐಸ್ ಪೆಟ್ಟಿಗೆಗೆ ಹೋದ ಹೃದಯಕ್ಕೆ ಸಿಗುವುದು ಸುಮಾರು 4 ಗಂಟೆ. ಆದರೆ ಪೆಟ್ಟಿಗೆ ಹೊರಡುವ ಮೊದಲೇ ಒಂದು ಲೆಕ್ಕ ಮುಗಿದಿರಬೇಕು. ನನ್ನ ಮಟ್ಟಿಗೆ ಅದೇ ದೊಡ್ಡದು.

ಮೊದಲು ಅಳತೆ. ರಕ್ತದ ಗುಂಪು ಹೊಂದಿದರೆ ಸಾಲದು, ಹೃದಯದ ಗಾತ್ರವೂ ಹೊಂದಬೇಕು. ಎತ್ತರ, ತೂಕ ಒಂದೇ ಇದ್ದರೂ ಹೆಂಗಸರ ಹೃದಯ ಗಂಡಸರದ್ದಕ್ಕಿಂತ ಸಾಮಾನ್ಯವಾಗಿ ಚಿಕ್ಕದು. ಮೊದಲೆಲ್ಲ ಮೈತೂಕ ನೋಡಿಯೇ ಜೋಡಿ ಮಾಡುತ್ತಿದ್ದರು, ಹಾಗಾಗಿ ಹೆಂಗಸಿನ ಹೃದಯ ಪಡೆದ ಗಂಡಸರಲ್ಲಿ ಫಲಿತಾಂಶ ಸ್ವಲ್ಪ ಕಡಿಮೆಯೇ ಇತ್ತು. ಈಗ ವಯಸ್ಸು, ಲಿಂಗ, ಎತ್ತರ, ತೂಕ ಎಲ್ಲ ಸೇರಿಸಿ ಹೃದಯದ ತೂಕವನ್ನೇ ಅಂದಾಜು ಮಾಡುತ್ತಾರೆ. ಅದು ಹೊಂದಿದರೆ ಆ ವ್ಯತ್ಯಾಸ ಬಹುಪಾಲು ಹೋಗುತ್ತದೆ. ಸುಮ್ನೆ ಹೆಣ್ಣು ಗಂಡು ಅಂತ ದೂರಿದ್ದೇ ಬಂತು! 1967ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಡಾಕ್ಟರ್ ಬರ್ನಾರ್ಡ್ ಮಾಡಿದ, ಮನುಷ್ಯರ ನಡುವಿನ ಮೊದಲ ಹೃದಯ ಕಸಿಯಲ್ಲೂ ಹೃದಯ ಯುವತಿಯದು, ಪಡೆದವರು ಗಂಡಸು. 18 ದಿನಕ್ಕೆ ಅವರು ತೀರಿಕೊಂಡಿದ್ದು ನ್ಯುಮೋನಿಯಾದಿಂದ, ಹೃದಯ ಕೈಕೊಟ್ಟಿದ್ದರಿಂದಲ್ಲ.

ಪಡೆಯುವವರು ಹೆಂಗಸಾದರೆ ಇನ್ನೊಂದು ಪರೀಕ್ಷೆಗೆ ಜಾಸ್ತಿ ಗಮನ ಬೇಕು. ಹಿಂದೆ ಬಸಿರಾಗಿದ್ದಾಗ ಮೈಯಲ್ಲಿ ಪ್ರತಿಕಾಯಗಳು (ಹೊರಗಿನಿಂದ ಬಂದದ್ದರ ಮೇಲೆ ಹೋರಾಡುವ ರಕ್ತದ ಅಂಶಗಳು) ಹುಟ್ಟಿರಬಹುದು, ಅವು ಹೊಸ ಹೃದಯದ ಮೇಲೆ ತಿರುಗಿಬೀಳುತ್ತವೆ. ಇಂಥವರಿಗೆ ಹೊಂದುವ ದಾನಿ ಸಿಗುವುದು ತಡ.

ಇನ್ನು ಹೃದಯ ನಿಲ್ಲಿಸುವುದು. ಪೊಟ್ಯಾಸಿಯಂ ಜಾಸ್ತಿ ಇರುವ ತಣ್ಣನೆಯ ದ್ರಾವಣ ಹರಿಸಿದರೆ ಬಡಿತ ನಿಲ್ಲುತ್ತದೆ.

ಆಮೇಲೆ ಪ್ಯಾಕಿಂಗ್. ಹಳೆಯ ಪದ್ಧತಿಯಲ್ಲಿ ಒಂದರೊಳಗೊಂದು ಚೀಲ, ಸುತ್ತ ಐಸ್. ಅಗ್ಗ, ಸುಲಭ, ಆದರೆ ಐಸ್ ಸಮನಾಗಿ ತಣ್ಣಗಿಡುವುದಿಲ್ಲ, ಕೆಲವು ಕಡೆ ಹೃದಯ ಹೆಪ್ಪುಗಟ್ಟುವಷ್ಟು ತಣ್ಣಗಾಗಿ ಪೆಟ್ಟು ತಿನ್ನುತ್ತದೆ. ಅದಕ್ಕೇ 4ರಿಂದ 8 ಡಿಗ್ರಿಯಲ್ಲೇ ಹಿಡಿದಿಡುವ ಪೆಟ್ಟಿಗೆಗಳು ಬಂದವು. ಸ್ವೀಡನ್ನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 8 ಡಿಗ್ರಿಯಲ್ಲಿ ಆಮ್ಲಜನಕ ಬೆರೆತ ದ್ರಾವಣವನ್ನು ಹರಿಸುತ್ತಲೇ ಇರುವ ಯಂತ್ರ ಮಾಡಿದ್ದಾರೆ. ಮತ್ತೊಂದು ಯಂತ್ರ ಬೆಚ್ಚಗಿನ ರಕ್ತ ಹರಿಸಿ ದಾರಿಯುದ್ದಕ್ಕೂ ಹೃದಯ ಬಡಿಯುವಂತೆ ನೋಡಿಕೊಳ್ಳುತ್ತದೆ. ಇದಕ್ಕೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯ ಹೇಗಿದೆ ಅಂತ ದಾರಿಯಲ್ಲೇ ಪರೀಕ್ಷಿಸಬಹುದು, ದೊಡ್ಡ ಲಾಭವೇ. ಖರ್ಚು ಮಾತ್ರ ವಿಪರೀತ, ದಾನಿಯ ರಕ್ತವೂ ಲೀಟರಿಗಿಂತ ಜಾಸ್ತಿ ಬೇಕು.

ಕಸಿ ಆದಮೇಲೆ? ಗಂಡಸರಿಗೂ ಹೆಂಗಸರಿಗೂ ಬದುಕುಳಿಯುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ ಕಸಿ ಆಗುವವರಲ್ಲಿ ಗಂಡಸರೇ ಜಾಸ್ತಿ.

ಕರ್ನಾಟಕದಲ್ಲಿ ಸರದಿ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’. ಹೃದಯ ಕಸಿಗೆ ಪರವಾನಗಿ ಇರುವ ಆಸ್ಪತ್ರೆಯ ಮೂಲಕ ಹೆಸರು ಬರೆಸಿ. ಅಳತೆಯ ಲೆಕ್ಕ ಹೇಗೆ ಮಾಡುತ್ತೀರಿ, ಯಾವ ಪೆಟ್ಟಿಗೆ ಬಳಸುತ್ತೀರಿ ಅಂತ ಡಾಕ್ಟರನ್ನು ಅವತ್ತೇ ಕೇಳಿ.