ಗಲ್ಲಾದ ದುಡ್ಡು, ಕ್ಯೂಆರ್ ದುಡ್ಡು: ಸಣ್ಣ ಅಂಗಡಿಯ ಕಿರ್ದಿ ಬರೆಯುವುದು ಹೀಗೆ

ದಾವಣಗೆರೆಯ ದೋಸೆ ಹೋಟೆಲಿರಲಿ, ಚಿತ್ರದುರ್ಗದ ಕಿರಾಣಿ ಅಂಗಡಿಯಿರಲಿ, ಈಗ ಎಲ್ಲರಿಗೂ ಗಲ್ಲಾ ಎರಡು. ಒಂದು ಮೇಜಿನ ಖಾನೆ, ಇನ್ನೊಂದು ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ. ಖಾನೆಗೆ ಎಷ್ಟು ಬಿತ್ತೆಂಬುದು ಮಾಲೀಕರಿಗೇ ಮರೆತುಹೋಗಬಹುದು. ಕ್ಯೂಆರ್‌ಗೆ ಬಿದ್ದದ್ದು ಬ್ಯಾಂಕಿನಲ್ಲಿ ಪೈಸೆ ಸಮೇತ ಉಳಿಯುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಹಲವರು ಮಾಡಿದ ಮೊದಲ ಕೆಲಸ ಕ್ಯೂಆರ್ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದ್ದು. ಹಾಗೆ ಮಾಡಿದ್ದರಿಂದ ಹಳೇ ಜಮೆಯೇನೂ ಅಳಿಸಿಹೋಗಲಿಲ್ಲ. ಆ ಜಮೆಯಲ್ಲಿ ವ್ಯಾಪಾರದ್ದೆಷ್ಟು, ಭಾಮೈದ ಹಿಂದಿರುಗಿಸಿದ ಕೈಗಡವೆಷ್ಟು ಎಂದು ತೋರಿಸುವ ಪುಸ್ತಕವೊಂದಿದ್ದರೆ ಉತ್ತರ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಆ ಪುಸ್ತಕ, ಅಂದರೆ ದಿನದ ಲೆಕ್ಕದ ಕಿರ್ದಿ, ಇಡುವ ಕ್ರಮ ಇಲ್ಲಿದೆ.

ಮೊದಲು ಖಾತೆ ಬೇರೆ ಮಾಡಿ

ಅಂಗಡಿಗೆಂದೇ ಒಂದು ಬ್ಯಾಂಕ್ ಖಾತೆ ಇರಲಿ. ಚಾಲ್ತಿ ಖಾತೆಯಾದರೆ ಒಳ್ಳೆಯದು. ಕನಿಷ್ಠ ಬಾಕಿ ಇಡುವುದು ಭಾರವೆನಿಸಿದರೆ ಎರಡನೇ ಉಳಿತಾಯ ಖಾತೆಯೊಂದಿಗೆ ಶುರು ಮಾಡಬಹುದು. ಅಂಗಡಿಯ ಕ್ಯೂಆರ್ ಈ ಖಾತೆಗೆ ಮಾತ್ರ ಜೋಡಣೆಯಾಗಿರಲಿ. ಮನೆ ಖರ್ಚಿಗೆ ವಾರಕ್ಕೊಮ್ಮೆ ಒಂದೇ ಮೊತ್ತವನ್ನು ಮನೆಯ ಖಾತೆಗೆ ಕಳಿಸಿ. ಚೀಟಿ ದುಡ್ಡು, ಸಂಘದ ಕಂತು, ಮಗಳ ಶಾಲೆ ಶುಲ್ಕ, ಊರಿಂದ ಬರುವ ಅಡಿಕೆ ದುಡ್ಡು ಇವೆಲ್ಲ ಮನೆಯ ಖಾತೆಯಲ್ಲೇ ಓಡಾಡಲಿ.

ಇಲ್ಲಿ ಸಾಮಾನ್ಯವಾಗಿ ಎಡವಟ್ಟಾಗುವುದು ನೆಟ್‌ವರ್ಕ್ ಕೈಕೊಟ್ಟ ದಿನ. ‘ಇವನ ನಂಬರಿಗೆ ಹಾಕಿ’ ಎಂದು ಮಗನ ಫೋನ್ ತೋರಿಸುತ್ತಾರೆ, ಆಮೇಲೆ ಅದೇ ರೂಢಿಯಾಗುತ್ತದೆ. ಅಂಗಡಿಯ ವ್ಯಾಪಾರ ಮಗನ ಪ್ಯಾನ್ ಸಂಖ್ಯೆಯಡಿ ಸೇರುತ್ತಾ ಹೋಗಿ, ಕಾಲೇಜು ಓದುವ ಹುಡುಗನ ಹೆಸರಿಗೆ ಪ್ರಶ್ನೆ ಬರುತ್ತದೆ. ಒಂದು ದಿನ ಹಾಗಾದರೆ ಅಷ್ಟೂ ಮೊತ್ತವನ್ನು ಅದೇ ರಾತ್ರಿ ಅಂಗಡಿ ಖಾತೆಗೆ ವರ್ಗಾಯಿಸಿ, ಕಿರ್ದಿಯಲ್ಲಿ ಒಂದು ಸಾಲು ಬರೆದಿಡಿ.

ಕೈಗಡದ ವಿಷಯದಲ್ಲೂ ಎಚ್ಚರ ಬೇಕು. 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವಂತಿಲ್ಲ, ನಗದಿನಲ್ಲಿ ತೀರಿಸುವಂತೆಯೂ ಇಲ್ಲ. ಸಿಕ್ಕಿಬಿದ್ದರೆ ಸಾಲದಷ್ಟೇ ದಂಡ.

ರಾತ್ರಿ ಹತ್ತು ನಿಮಿಷದ ಕಿರ್ದಿ

ಪ್ರತಿ ದೋಸೆಗೂ ಚೀಟಿ ಹರಿಯಲು ಆಗುವುದಿಲ್ಲ. ಹಾಗಾಗಿ ದಿನದ ವ್ಯಾಪಾರವನ್ನು ಹಿಂದಿನಿಂದ ಹಿಡಿಯಬೇಕು. ಉದ್ದನೆಯ ರಟ್ಟಿನ ಪುಸ್ತಕವೊಂದು ಸಾಕು, ದಿನಕ್ಕೊಂದು ಪುಟ. ಎಡಗಡೆ ಜಮೆ, ಬಲಗಡೆ ಖರ್ಚು. ಬೆಳಗ್ಗೆ ಗಲ್ಲಾದಲ್ಲಿ ಚಿಲ್ಲರೆಗೆ ಇಟ್ಟ ಹಣವೇ ಆರಂಭದ ಶಿಲ್ಕು.

ಒಂದು ದಿನದ ಲೆಕ್ಕ ಹೀಗಿದೆ ಎನ್ನೋಣ. ರಾತ್ರಿ ಎಣಿಸಿದ ನಗದು 4,850. ಹಗಲು ಗಲ್ಲಾದಿಂದ ತೆಗೆದು ಕೊಟ್ಟದ್ದು ತರಕಾರಿಗೆ 780, ಕಟ್ಟಿಗೆಗೆ 450, ಕೆಲಸದವರ ಕೂಲಿ 600, ಮನೆಗೆ 500, ಒಟ್ಟು 2,330. ಎರಡೂ ಸೇರಿ 7,180. ಇದರಲ್ಲಿ ಬೆಳಗಿನ ಶಿಲ್ಕು 2,000 ಮತ್ತು ವಸೂಲಾದ ಹಳೇ ಉದ್ರಿ 300 ಕಳೆಯಿರಿ. ಉಳಿದ 4,880 ಆ ದಿನದ ನಗದು ವ್ಯಾಪಾರ.

ಇನ್ನು ಕ್ಯೂಆರ್. ಆ್ಯಪ್‌ನಲ್ಲಿ ಆ ದಿನದ ಜಮೆ 6,940 ತೋರಿಸುತ್ತಿದೆ. ಅದರಲ್ಲಿ 500 ಯಾರೋ ಹಿಂದಿರುಗಿಸಿದ ಕೈಗಡ, 240 ಹಳೇ ಉದ್ರಿ. ವ್ಯಾಪಾರ 6,200. ಅವತ್ತು ಹೊಸದಾಗಿ ಉದ್ರಿ ಕೊಟ್ಟದ್ದು 420. ಮೂರನ್ನೂ ಕೂಡಿದರೆ ದಿನದ ವ್ಯಾಪಾರ 11,500 ರೂ.

ಹಳೇ ಉದ್ರಿಯನ್ನು ಕಳೆಯುವುದೇಕೆ? ಕೊಟ್ಟ ದಿನವೇ ಅದನ್ನು ವ್ಯಾಪಾರದಲ್ಲಿ ಬರೆದಾಗಿದೆ. ವಸೂಲಾದ ದಿನ ಮತ್ತೆ ಬರೆದರೆ ಒಂದೇ ತಟ್ಟೆಗೆ ಎರಡು ಸಲ ತೆರಿಗೆ. ಮನೆಗೆ ಒಯ್ದ 500ರದ್ದು ಇದರ ತದ್ವಿರುದ್ಧ ತಪ್ಪು. ಅದನ್ನು ಬರೆಯದೆ ಬಿಟ್ಟರೆ ದಿನದ ವ್ಯಾಪಾರ 500 ಕಡಿಮೆ ಕಾಣುತ್ತದೆ. ಅದು ಅಂಗಡಿಯ ಖರ್ಚೂ ಅಲ್ಲ, ‘ಮಾಲೀಕರು ತೆಗೆದದ್ದು’ ಎಂದು ಬೇರೆಯಾಗಿಯೇ ಬರೆಯಬೇಕು.

ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಬಂದರೆ ತಿದ್ದಬೇಡಿ, ‘ಶಿಲ್ಕು ವ್ಯತ್ಯಾಸ’ ಎಂದು ಬರೆದು ಮುಂದೆ ಹೋಗಿ. ಎಲ್ಲ ದಿನವೂ ರೂಪಾಯಿಗೆ ರೂಪಾಯಿ ತಾಳೆಯಾಗುವ ಪುಸ್ತಕವೇ ನೋಡುವವರಿಗೆ ಹೆಚ್ಚು ಅನುಮಾನ ಹುಟ್ಟಿಸುವುದು. ವಾರದ ಲೆಕ್ಕವನ್ನು ಭಾನುವಾರ ಕೂತು ಬರೆದದ್ದು ಒಂದೇ ಪೆನ್ನಿನ ಬಣ್ಣದಲ್ಲೇ ಗೊತ್ತಾಗುತ್ತದೆ.

ಬಿಲ್ಲುಗಳಿಗೆ ತಿಂಗಳಿಗೊಂದರಂತೆ ಹನ್ನೆರಡು ಕವರ್ ಸಾಕು. ಯಂತ್ರದಿಂದ ಬರುವ ಥರ್ಮಲ್ ಬಿಲ್ಲಿನ ಅಕ್ಷರ ಬಿಸಿಗೆ ಮಾಸುತ್ತದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. ಬಂದ ದಿನವೇ ಜೆರಾಕ್ಸ್ ಮಾಡಿಸಿ ಅಥವಾ ಫೋಟೊ ತೆಗೆದಿಡಿ.

ತಿಂಗಳಿಗೊಮ್ಮೆ ತಾಳೆ

ತಿಂಗಳ ಮೊದಲ ವಾರ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ವ್ಯಾಪಾರದ್ದಲ್ಲದ ಪ್ರತಿ ಜಮೆಯ ಪಕ್ಕ ಪೆನ್ಸಿಲಿನಲ್ಲಿ ಎರಡು ಪದ ಬರೆಯಿರಿ: ‘ಚೀಟಿ ಎತ್ತಿದ್ದು’, ‘ಅಣ್ಣ ಕೊಟ್ಟದ್ದು’. ಮೂರು ವರ್ಷದ ನಂತರ ಯಾವ 8,000 ಯಾರದ್ದೆಂದು ಯಾರಿಗೂ ನೆನಪಿರುವುದಿಲ್ಲ.

ಕಿರ್ದಿಗೂ ಸ್ಟೇಟ್‌ಮೆಂಟಿಗೂ ತಾಳೆಯಾಗದಿದ್ದರೆ ಎರಡು ಕಡೆ ನೋಡಿ. ವ್ಯಾಪಾರಿ ಕ್ಯೂಆರ್‌ನ ಹಣ ಕೆಲವೊಮ್ಮೆ ಮರುದಿನ ಖಾತೆಗೆ ಬರುತ್ತದೆ. ಮಾರ್ಚ್ 31ರ ಸಂಜೆಯ ವ್ಯಾಪಾರ ಏಪ್ರಿಲ್ 1ರ ಜಮೆಯಾಗಿ ಕಂಡರೂ ಅದು ಹಳೇ ವರ್ಷದ್ದೇ. ಇನ್ನೊಂದು, ಹಣ ಬಂದದ್ದನ್ನು ಕೂಗಿ ಹೇಳುವ ಧ್ವನಿ ಪೆಟ್ಟಿಗೆಯ ಬಾಡಿಗೆ ಹಿಡಿದುಕೊಂಡು ಉಳಿದದ್ದು ಜಮೆಯಾಗಿರುತ್ತದೆ. ಪೂರ್ತಿ ಮೊತ್ತವನ್ನು ವ್ಯಾಪಾರಕ್ಕೂ ಬಾಡಿಗೆಯನ್ನು ಖರ್ಚಿಗೂ ಬರೆಯಬೇಕು.

ಕಚೇರಿಗಳ ಸುತ್ತಮುತ್ತ ಇರುವ ಜೆರಾಕ್ಸ್ ಅಂಗಡಿ, ಅರ್ಜಿ ತುಂಬಿಕೊಡುವ ಕೇಂದ್ರಗಳಿಗೆ ಈ ತಾಳೆ ಎಲ್ಲರಿಗಿಂತ ಹೆಚ್ಚು ಬೇಕು. ವಿದ್ಯಾರ್ಥಿಯ 1,000 ರೂ. ಪರೀಕ್ಷಾ ಶುಲ್ಕ ನಿಮ್ಮ ಖಾತೆಯಿಂದ ಕಟ್ಟಿ 1,050 ಪಡೆದರೆ ನಿಮ್ಮ ದುಡಿಮೆ 50. ಬ್ಯಾಂಕಿನಲ್ಲಿ ಮಾತ್ರ 1,050 ಕಾಣುತ್ತದೆ. ಅರ್ಜಿ ಸಂಖ್ಯೆ, ಕಟ್ಟಿದ ಶುಲ್ಕ, ಪಡೆದ ಮಜೂರಿ ಎಂಬ ಮೂರು ಕಾಲಂ ಇಲ್ಲದಿದ್ದರೆ ಪರರ ದುಡ್ಡೆಲ್ಲ ನಿಮ್ಮ ವಹಿವಾಟಾಗಿ ನಿಲ್ಲುತ್ತದೆ.

ಜಿಎಸ್‌ಟಿ: 40 ಲಕ್ಷ ಯಾರಿಗೆ, 20 ಲಕ್ಷ ಯಾರಿಗೆ

‘ನಲವತ್ತು ಲಕ್ಷದವರೆಗೆ ಏನೂ ಇಲ್ಲ’ ಎಂಬ ಮಾತು ಎಲ್ಲರ ಬಾಯಲ್ಲಿದೆ. ವರ್ಷದ ವಹಿವಾಟು ಇಷ್ಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬ ಆ ಮಿತಿ ಬರೀ ಸರಕು ಮಾರುವವರಿಗೆ. ಹೋಟೆಲಿನಲ್ಲಿ ಬಡಿಸುವ ದೋಸೆ ಕಾನೂನಿನ ಕಣ್ಣಿಗೆ ಸರಕಲ್ಲ, ಸೇವೆ. ಗಿರ್ಮಿಟ್, ಮಿರ್ಚಿ, ಚಹಾ ಕೊಡುವ ಅಂಗಡಿಯೂ ಅಷ್ಟೇ. ಟೈಲರ್, ಮೊಬೈಲ್ ರಿಪೇರಿಯವರೂ ಇದೇ ಸಾಲಿನವರು. ಇವರಿಗೆ ಮಿತಿ ವರ್ಷಕ್ಕೆ 20 ಲಕ್ಷ. ವಾರಕ್ಕೊಂದು ರಜೆ ಬಿಟ್ಟು 312 ದಿನ ಹಿಡಿದರೆ ದಿನಕ್ಕೆ ಸುಮಾರು 6,410 ರೂ. ವ್ಯಾಪಾರಕ್ಕೇ ಗೆರೆ ಬರುತ್ತದೆ. ಮೇಲೆ ಹೇಳಿದ 11,500ರ ಹೋಟೆಲಿನ ವಹಿವಾಟು ವರ್ಷಕ್ಕೆ 35.88 ಲಕ್ಷ. ಅದು ಗೆರೆ ದಾಟಿ ಎಷ್ಟೋ ತಿಂಗಳಾಗಿರುತ್ತದೆ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು, ಅರ್ಜಿಗೆ ಸರಕಾರಿ ಶುಲ್ಕವಿಲ್ಲ.

ಕಿರಾಣಿಯವರ ತಪ್ಪು ಬೇರೆ ಥರದ್ದು. ಚಿಲ್ಲರೆಯಾಗಿ ತೂಗಿ ಕೊಡುವ ಅಕ್ಕಿ, ಜೋಳಕ್ಕೆ ತೆರಿಗೆಯಿಲ್ಲ ಎಂದು ಅದನ್ನು ಲೆಕ್ಕದಿಂದಲೇ ಬಿಡುತ್ತಾರೆ. ತೆರಿಗೆ ಇಲ್ಲ, ನಿಜ. ಆದರೆ ಸೋಪು, ಎಣ್ಣೆಯಂಥ ತೆರಿಗೆಯ ಸಾಮಾನನ್ನೂ ಮಾರುವ ಅಂಗಡಿಯಾದರೆ 40 ಲಕ್ಷದ ಗೆರೆ ನೋಡುವಾಗ ಎರಡನ್ನೂ ಕೂಡಿಸಬೇಕು. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಚೀಲಗಟ್ಟಲೆ ಹೋಗುವ ಬಿಡಿ ಮಂಡಕ್ಕಿ ಈ ಗುಂಪಿನದು. ಅದೇ ಮಂಡಕ್ಕಿಯನ್ನು ಅರ್ಧ ಕಿಲೋ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ ಶೇ 5 ತೆರಿಗೆ.

ರಾಜಿ ತೆರಿಗೆಯೋ, ಮಾಮೂಲಿಯೋ

ರಾಜಿ ತೆರಿಗೆ, ಅಂದರೆ ವಹಿವಾಟಿನ ಮೇಲೆ ಒಂದೇ ದರದಲ್ಲಿ ಕಟ್ಟುವ ಕಾಂಪೊಸಿಷನ್ ಪದ್ಧತಿ, 1.5 ಕೋಟಿ ವಹಿವಾಟಿನವರೆಗೆ ಸಿಗುತ್ತದೆ. ಅಂಗಡಿಯವರಿಗೆ ತೆರಿಗೆಯ ಸಾಮಾನಿನ ಮಾರಾಟದ ಮೇಲೆ ಶೇ 1, ಹೋಟೆಲಿಗೆ ಶೇ 5. ಗಿರಾಕಿಯಿಂದ ತೆರಿಗೆ ಎತ್ತುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯ ಮೇಲಿನ ತೆರಿಗೆ ವಾಪಸು ಸಿಗುವುದಿಲ್ಲ.

ಹೋಟೆಲಿಗೆ ಮಾಮೂಲಿ ದರವೂ ಶೇ 5, ಅಲ್ಲೂ ಖರೀದಿ ತೆರಿಗೆ ವಾಪಸಿಲ್ಲ. ಹಾಗಾದರೆ ಯಾವುದು ವಾಸಿ? ದೋಸೆಯ ಬೆಲೆಯೊಳಗೇ ತೆರಿಗೆ ಅಡಗಿಸಿದರೆ ಮಾಮೂಲಿಯಲ್ಲಿ 35.88 ಲಕ್ಷಕ್ಕೆ ಕಟ್ಟಬೇಕಾದ್ದು ಸುಮಾರು 1,70,857. ರಾಜಿಯಲ್ಲಿ 1,79,400. ಇಷ್ಟೇ ನೋಡಿದವರು ಮಾಮೂಲಿಯೇ ಅಗ್ಗ ಎನ್ನುತ್ತಾರೆ. ಬಾಡಿಗೆ ಕಟ್ಟಡದಲ್ಲಿರುವವರಿಗೆ ಇನ್ನೊಂದು ಲೆಕ್ಕವಿದೆ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ, ಮಾಮೂಲಿ ನೋಂದಣಿಯ ಬಾಡಿಗೆದಾರರೇ ಬಾಡಿಗೆಯ ಮೇಲೆ ಶೇ 18 ಕಟ್ಟಬೇಕು. ತಿಂಗಳಿಗೆ 20,000 ಬಾಡಿಗೆಗೆ 3,600, ವರ್ಷಕ್ಕೆ 43,200. ಹೋಟೆಲಿಗೆ ಇದು ವಾಪಸು ಬಾರದ ದುಡ್ಡು. ರಾಜಿಯವರಿಗೆ 2025ರ ಜನವರಿ 16ರಿಂದ ಈ ಹೊರೆಯಿಲ್ಲ. ಬೆಲೆಯ ಮೇಲೆ ಶೇ 5 ಹಾಕಿದರೂ ಗಿರಾಕಿ ಬರುವ ದೊಡ್ಡ ಹೋಟೆಲಿಗೆ ಮಾಮೂಲಿ ಸರಿ. ರೌಂಡ್ ಅಂಕಿಯ ಬೆಲೆಪಟ್ಟಿಯ ಸಣ್ಣ ಹೋಟೆಲಿಗೆ ರಾಜಿಯೇ ವಾಸಿ.

ನೋಂದಣಿಯ ಅರ್ಜಿಯಲ್ಲೇ ರಾಜಿ ಆರಿಸಿಕೊಳ್ಳಬಹುದು. ಆಗಲೇ ಮಾಮೂಲಿಯಲ್ಲಿರುವವರು ಮಾರ್ಚ್ 31ರೊಳಗೆ ಅರ್ಜಿ ಹಾಕಿದರೆ ಮುಂದಿನ ವರ್ಷದಿಂದ ಬದಲಾಗುತ್ತದೆ. ಆಮೇಲೆ ರಾಜಿಯವರು ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ ತಿಂಗಳ 18ರೊಳಗೆ ಸಿಎಂಪಿ-08 ನಮೂನೆಯಲ್ಲಿ ತೆರಿಗೆ ಕಟ್ಟುವುದು, ಜೂನ್ 30ರೊಳಗೆ ಜಿಎಸ್‌ಟಿಆರ್-4 ಎಂಬ ವಾರ್ಷಿಕ ರಿಟರ್ನ್ ಸಲ್ಲಿಸುವುದು. ಮಾಮೂಲಿಯಲ್ಲಿ ಉಳಿದವರಿಗೊಂದು ಸಮಾಧಾನ: ಗಿರಾಕಿ ಕೇಳದಿದ್ದರೆ 200 ರೂ.ಗಿಂತ ಕಡಿಮೆಯ ಮಾರಾಟಕ್ಕೆ ಬಿಡಿ ಬಿಲ್ಲು ಬೇಡ, ರಾತ್ರಿ ಎಲ್ಲ ಸೇರಿಸಿ ಒಂದೇ ಬಿಲ್ಲು ಬರೆದರೆ ಸಾಕು.

ಆದಾಯ ತೆರಿಗೆ: ಶೇ 6, ಶೇ 8

ಸಣ್ಣ ವ್ಯಾಪಾರಿಗೆ ಪೂರ್ತಿ ಲೆಕ್ಕಪುಸ್ತಕವಿಲ್ಲದೆ ಲಾಭ ಘೋಷಿಸುವ ದಾರಿ ಆದಾಯ ತೆರಿಗೆ ಕಾಯ್ದೆಯ ಕಲಂ 44ಎಡಿ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಕಲಮುಗಳ ನಂಬರು ಬದಲಾಗಿವೆ, ಬಾಯಿಮಾತಿನಲ್ಲಿ ಇನ್ನೂ ಅದೇ ಹೆಸರು. ಬ್ಯಾಂಕ್, ಯುಪಿಐ ಮೂಲಕ ಬಂದ ವ್ಯಾಪಾರದ ಶೇ 6, ನಗದಿನ ಶೇ 8 ಲಾಭವೆಂದು ಹಿಡಿಯುತ್ತಾರೆ. ಮಿತಿ 2 ಕೋಟಿ, ನಗದು ಶೇ 5 ಮೀರದಿದ್ದರೆ 3 ಕೋಟಿ. ವರ್ಷಕ್ಕೆ ಯುಪಿಐ 20 ಲಕ್ಷ, ನಗದು 16 ಲಕ್ಷವಿದ್ದರೆ 1,20,000 ಮತ್ತು 1,28,000 ಸೇರಿ 2,48,000. ಕಿರ್ದಿಯಲ್ಲಿ ನಗದು, ಯುಪಿಐ ಬೇರೆ ಬೇರೆ ಬರೆದದ್ದು ಇಲ್ಲಿ ಕೈಗೆ ಬರುತ್ತದೆ.

ಆದರೆ ಇದು ಕನಿಷ್ಠ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಹಾಗೆ ತೋರಿಸಲು ಹೆದರುವುದು ಈಗ ಅರ್ಥವಿಲ್ಲದ ಹಟ. ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷದವರೆಗೆ ರಿಯಾಯಿತಿ ಕಳೆದು ತೆರಿಗೆ ಶೂನ್ಯ. ಎರಡೂವರೆ ಲಕ್ಷ ತೋರಿಸಿ ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಐಟಿಆರ್ (ಆದಾಯ ತೆರಿಗೆ ರಿಟರ್ನ್) ನೋಡಿ ಆಗದೆಂದು ಕೈಯಾಡಿಸುತ್ತಾರೆ. ನಿಜದ ಆರು ಲಕ್ಷ ತೋರಿಸಿದವರೂ ಕಟ್ಟುವುದು ಅದೇ ಸೊನ್ನೆ, ಸಾಲ ಮಾತ್ರ ಸುಲಭ. ತೆರಿಗೆ 10,000 ದಾಟುವಷ್ಟು ಆದಾಯವಿದ್ದವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಮತ್ತೆ, ಈ ದಾರಿ ಹಿಡಿದವರು ಒಂದು ವರ್ಷ ‘ನಷ್ಟವಾಯ್ತು’ ಎಂದು ಈ ಶೇ 6, ಶೇ 8ಕ್ಕಿಂತ ಕಡಿಮೆ ತೋರಿಸಿ ಹೊರಬಂದರೆ ಮುಂದಿನ ಐದು ವರ್ಷ ಒಳಗೆ ಬರುವಂತಿಲ್ಲ.

ಎಪಿಎಂಸಿಯ ದಲಾಲಿ ಅಂಗಡಿಯವರಿಗೆ ಈ ಸೌಲಭ್ಯವಿಲ್ಲ, ಕಮಿಷನ್ ಆದಾಯ ಇದರ ಹೊರಗೆ. ಲಾರಿ ಮಾಲೀಕರ ಕ್ರಮವೇ ಬೇರೆ: ಹತ್ತು ಗಾಡಿಯವರೆಗೆ, 12 ಟನ್ ಮೀರಿದ ಗಾಡಿಗೆ ಟನ್ನಿಗೆ ತಿಂಗಳಿಗೆ 1,000, ಸಣ್ಣ ಗಾಡಿಗೆ 7,500 ಆದಾಯವೆಂದು ಹಿಡಿಯುತ್ತಾರೆ. ಗಾಡಿ ಬಾಡಿಗೆಯಿಲ್ಲದೆ ನಿಂತ ತಿಂಗಳಿಗೂ ಇದು ಅನ್ವಯ.

ನೋಟಿಸು ಬಂದೇ ಬಿಟ್ಟರೆ

ಅದರ ಮೇಲಿನ ಉಲ್ಲೇಖ ಸಂಖ್ಯೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಿ. ‘ಸೆಟಲ್ ಮಾಡಿಸ್ತೀನಿ’ ಎಂದು ಫೋನ್ ಮಾಡುವವರಿಗೆ ಒಟಿಪಿಯನ್ನೂ ದುಡ್ಡನ್ನೂ ಕೊಡಬೇಡಿ. ನಂತರ ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ಅವರು ಹೇಳಿದ ಒಟ್ಟು ಜಮೆ, ಕೆಳಗೆ ಒಂದೊಂದೇ ಕಳೆಯುತ್ತಾ ಬನ್ನಿ: ಸ್ವಂತ ಖಾತೆಗಳ ನಡುವಿನ ವರ್ಗಾವಣೆ, ಪಡೆದ ಸಾಲ, ಹಿಂದಿರುಗಿದ ಕೈಗಡ, ಮನೆಯವರು ಕೊಟ್ಟದ್ದು, ಪರರ ಪರವಾಗಿ ಕಟ್ಟಿದ್ದು. ಉಳಿದದ್ದು ಯುಪಿಐ ವ್ಯಾಪಾರ, ಅದಕ್ಕೆ ಕಿರ್ದಿಯ ನಗದು ವ್ಯಾಪಾರ ಕೂಡಿಸಿ. ಅದರಲ್ಲಿ ತೆರಿಗೆಯಿಲ್ಲದ ಸರಕೆಷ್ಟೆಂದು ಖರೀದಿ ಬಿಲ್ಲಿನೊಂದಿಗೆ ತೋರಿಸಿ. ಪ್ರತಿ ಸಾಲಿಗೂ ಸ್ಟೇಟ್‌ಮೆಂಟಿನ ಪುಟ ಸಂಖ್ಯೆ ಬರೆದು, ನೋಟಿಸಿನಲ್ಲಿ ಕೊಟ್ಟ ದಿನಾಂಕದೊಳಗೆ ಉತ್ತರ ಸಲ್ಲಿಸಿ, ಸ್ವೀಕೃತಿಯನ್ನು ಇಟ್ಟುಕೊಳ್ಳಿ. ನೋಂದಣಿ ಇರುವವರು ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡಿ ಹಳೆಯದನ್ನು ರದ್ದಿಗೆ ಹಾಕುವ ಮನೆಗಳಲ್ಲಿ ಇದನ್ನು ಮೊದಲೇ ಹೇಳಿಡಿ.