ಅಲಸಂದೆ ಹೇನಿಗೆ ಅಂಟುವಾಳದ ನೀರು

ಶಿರಸಿಯ ಮಳೆಗಾಲದಲ್ಲಿ ಗಿಡಕ್ಕೆ ಮನೆಮದ್ದು ಹೊಡೆಯುವುದು ಸುಮ್ನೆ ಕೈನೋವು. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ನೀರು) ಒಮ್ಮೆ ಒಣಗಿದರೆ ಮಳೆಗೂ ಸುಮಾರಾಗಿ ತಡೆಯುತ್ತದೆ. ಬೇವು, ಸೋಪಿನ ನೀರಿಗೆ ಆ ತಾಕತ್ತಿಲ್ಲ. ಹಾಗಾಗಿ ನನ್ನ ಸ್ಪ್ರೇ ಬಾಟಲಿ ಹೊರಬರುವುದೇ ದೀಪಾವಳಿ ಹೊತ್ತಿಗೆ.

ಆಗ ಹಿತ್ತಲಲ್ಲಿ ಮೊದಲು ಕಾಣುವುದು ಅಲಸಂದೆ ಹೇನು. ಎಳೆ ಕುಡಿ, ಹೂವಿನ ತೊಟ್ಟು ಕಪ್ಪಾಗಿದ್ದರೆ ಹತ್ತಿರ ಹೋಗಿ ನೋಡಿ. ಮಸಿಯಲ್ಲ ಅದು, ಒತ್ತೊತ್ತಾಗಿ ಕೂತು ರಸ ಹೀರುತ್ತಿರುವ ಹೇನು. ಇರುವೆ ಸಾಲು ಹತ್ತಿದ್ದರಂತೂ ಖಾತ್ರಿ, ಹೇನು ಬಿಡುವ ಸಿಹಿ ಅಂಟಿಗೆ ಬರುತ್ತವೆ ಅವು.

"ಬೆಳಿಗ್ಗೆ ಇಬ್ಬನಿ ಇರುವಾಗ ಬೂದಿ ಎರಚೇ, ಸಾಕು" ಅನ್ನುತ್ತಾರೆ ನಮ್ಮತ್ತೆ. ಸುಳ್ಳಲ್ಲ. ಆದರೆ ಬೂದಿ ಎಲೆಯ ಅಡಿಗೆ ಸರಿಯಾಗಿ ತಲುಪುವುದಿಲ್ಲ, ಹೇನು ಜಾಸ್ತಿ ಅಡಗುವುದು ಅಲ್ಲೇ.

ನಾನು ಐದಾರು ಅಂಟುವಾಳ ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ನೊರೆ ಬರುವಂತೆ ಕಿವುಚಿ, ಹಳೆ ಪಂಚೆ ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ಬಾಟಲಿಯ ಮೂತಿ ಕಟ್ಟಿಕೊಂಡು ತಲೆಬಿಸಿ. ನೊರೆನೀರು ಹೇನಿನ ಮೈಗೇ ತಾಗಬೇಕು, ಬರೀ ಎಲೆ ಮೇಲೆ ಬಿದ್ದರೆ ಉಪಯೋಗವಿಲ್ಲ. ಕುಡಿಯನ್ನು ಎಡಗೈಯಲ್ಲಿ ಬಗ್ಗಿಸಿ ಕೆಳಗಿನಿಂದ ಹೊಡೆಯಿರಿ. ಬಟ್ಟೆ ತೊಳೆಯುವ ಪುಡಿ ಮಾತ್ರ ಬೇಡ, ಎಲೆ ಸುಡುತ್ತದೆ.

ಹೇನಿನ ಮಧ್ಯೆ ಮೊಸಳೆಮರಿಯಂಥ ಕಪ್ಪು ಹುಳ ಓಡಾಡುತ್ತಿದ್ದರೆ ಆ ಕುಡಿಯನ್ನು ಬಿಟ್ಟುಬಿಡಿ. ಅದು ಗುಲಗಂಜಿ ಹುಳದ ಮರಿ. ಹೇನು ತಿನ್ನುವುದೇ ಅದರ ಕೆಲಸ, ನಮಗಿಂತ ಚೆನ್ನಾಗಿ ಮಾಡುತ್ತದೆ.

ಎಲೆ ತಿನ್ನುವ ಹುಳಗಳಿಗೆ ಬೇವಿನ ಬೀಜದ ಕಷಾಯ. ನಮ್ಮ ಕಡೆ ಕಹಿಬೇವಿನ ಮರ ಅಪರೂಪ ಅಲ್ವಾ, ಬಯಲುಸೀಮೆಯಿಂದ ಬೀಜ ತರಿಸುತ್ತೇನೆ. ಲೀಟರಿಗೆ 50 ಗ್ರಾಂ ತಿರುಳು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೆನೆಸಿ ಹಿಂಡುವುದು. ಅಂಟಿಕೊಳ್ಳಲಿ ಅಂತ ಸ್ವಲ್ಪ ಅಂಟುವಾಳದ ನೀರು. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ, ಅದಕ್ಕೇ ಸಂಜೆ ಹೊಡೆಯಬೇಕು. ಜೇನುಹುಳಗಳೂ ಆಗ ಗೂಡು ಸೇರಿರುತ್ತವೆ. ಮರುದಿನ ಹುಳ ಸತ್ತು ಬಿದ್ದಿರಲಿ ಅಂತ ಹುಡುಕಬೇಡಿ. ಬೇವು ಹುಳದ ಬಾಯಿ ಕಟ್ಟುತ್ತದೆ, ಬೆಳವಣಿಗೆ ಕೆಡಿಸುತ್ತದೆ, ಸಾಯುವುದು ನಿಧಾನ.

ಹೊಗೆಸೊಪ್ಪಿನ ಕಷಾಯ ಹೊಡೆಯುವವರಿದ್ದಾರೆ. ನಾನು ಮುಟ್ಟುವುದಿಲ್ಲ. ಅದರ ನಿಕೋಟಿನ್ ನಮಗೂ ವಿಷ, ಚರ್ಮದಿಂದಲೇ ಒಳಗೆ ಹೋಗುತ್ತದೆ. ತಂಬಾಕಿನ ನಂಜುರೋಗ (ವೈರಸ್) ಮೆಣಸಿನಕಾಯಿ, ಟೊಮೆಟೊ ಗಿಡಕ್ಕೂ ಅಂಟಬಹುದು.

ಇನ್ನು ಹಾಗಲಕಾಯಿಯ ಹಣ್ಣುನೊಣಕ್ಕೆ ಈ ಯಾವ ನೀರೂ ನಡೆಯುವುದಿಲ್ಲ, ಹುಳ ಇರುವುದು ಕಾಯಿಯೊಳಗೆ. ಮಿಡಿಯಿರುವಾಗಲೇ ಪೇಪರ್ ಕೊಟ್ಟೆ ಕಟ್ಟುತ್ತೇನೆ. ಕೊಳೆತು ಬಿದ್ದ ಕಾಯನ್ನು ಗೊಬ್ಬರಗುಂಡಿಗೆ ಎಸೆದರೆ ಹುಳ ಮಣ್ಣಿಗಿಳಿದು ನೊಣವಾಗಿ ಮತ್ತೆ ಬರುತ್ತದೆ. ನಮ್ಮಲ್ಲಿ ಅವೆಲ್ಲ ನೇರ ಬಚ್ಚಲೊಲೆಯ ಕೆಂಡಕ್ಕೆ.