ಹೀಬ್ರೂ ಲಿಪಿಯ ‘ಶಿನ್’ ಅಕ್ಷರವನ್ನು ಅರಿಯುವ ಬಗೆ

ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಲ್ಲಿ ‘ಶಿನ್’ 21ನೆಯದು. ಇದರ ಸಂಕೇತಾರ್ಥವನ್ನು ತಿಳಿಯಬಯಸುವವರು ‘ಶಿನ್ ಎಂದರೆ ಬೆಂಕಿ’, ‘ಶಿನ್ ಎಂದರೆ ಹಲ್ಲು’ ಎಂಬಂಥ ಸಿದ್ಧ ಪಟ್ಟಿಗಳನ್ನು ಬದಿಗಿಟ್ಟು, ಯೆಹೂದಿಗಳು ಈ ಅಕ್ಷರವನ್ನು ಎಲ್ಲೆಲ್ಲಿ ಬರೆಯುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಇದರ ಅರ್ಥಗಳಲ್ಲಿ ಹೆಚ್ಚಿನವು ಬೆಳೆದದ್ದು ಆ ಬಳಕೆಯಿಂದಲೇ.

ಮೊದಲು ಆಕಾರವನ್ನು ಗುರುತಿಸಿಕೊಳ್ಳಿ. ತಳದಲ್ಲಿ ಕೂಡಿಕೊಂಡು ಮೇಲಕ್ಕೆ ಚಾಚಿದ ಮೂರು ಕೈಗಳೇ ಶಿನ್. ಬಲಗೈಯ ಮೇಲೆ ಚುಕ್ಕೆಯಿದ್ದರೆ ‘ಶ’ ಎಂದೂ ಎಡಗೈಯ ಮೇಲಿದ್ದರೆ ‘ಸ’ ಎಂದೂ ಓದಬೇಕು. ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳಲ್ಲಿ ಈ ಚುಕ್ಕೆಗಳಿರುವುದಿಲ್ಲ. ಅಲ್ಲಿ ಓದುವವರು ಪಾಠವನ್ನು ಮೊದಲೇ ಬಲ್ಲವರಾಗಿರಬೇಕು. ಈ ಧ್ವನಿಭೇದ ಎಷ್ಟು ಗಂಭೀರವಾಗಬಲ್ಲದು ಎಂಬುದಕ್ಕೆ ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ 12ನೇ ಅಧ್ಯಾಯವನ್ನು ಓದಬೇಕು. ಯೊರ್ದನ್ ಹೊಳೆಯನ್ನು ದಾಟಲು ಬಂದವರಿಂದ ಗಿಲ್ಯಾದಿನವರು ‘ಶಿಬ್ಬೋಲೆತ್’ ಎನ್ನಿಸುತ್ತಿದ್ದರು. ‘ಸಿಬ್ಬೋಲೆತ್’ ಎಂದವನು ಶತ್ರುಪಕ್ಷದ ಎಫ್ರಾಯೀಮ್ಯನೆಂದು ಗೊತ್ತಾಗಿ ಅಲ್ಲಿಯೇ ಹತನಾಗುತ್ತಿದ್ದ.

ಆಮೇಲೆ ಬಾಗಿಲಿನ ಕಡೆ ಬನ್ನಿ. ಯೆಹೂದಿಗಳ ಮನೆಯನ್ನು ಪ್ರವೇಶಿಸುವಾಗ ಬಲಗಡೆಯ ಚೌಕಟ್ಟಿಗೆ ‘ಮೆಜೂಜಾ’ ಎಂಬ ಪುಟ್ಟ ಕರಂಡಕವನ್ನು ಜಡಿದಿರುತ್ತಾರೆ. ಅದರೊಳಗಿನ ಚರ್ಮದ ಹಾಳೆಯ ಮೇಲೆ ಬೈಬಲಿನ ಧರ್ಮೋಪದೇಶಕಾಂಡದ 6 ಮತ್ತು 11ನೇ ಅಧ್ಯಾಯಗಳಿಂದ ಆಯ್ದ ಭಾಗಗಳನ್ನು ಲಿಪಿಕಾರ ಕೈಯಿಂದಲೇ ಬರೆದಿರುತ್ತಾನೆ. ಹಿಂಬದಿಯಲ್ಲಿ ‘ಶದ್ದಾಯ್’ ಎಂಬ ದೇವನಾಮವಿರುತ್ತದೆ. ಹೊರಗಿನ ಕರಂಡಕದ ಮೇಲೆ ಸಾಮಾನ್ಯವಾಗಿ ಕಾಣುವ ಒಂಟಿ ಶಿನ್ ಆ ಹೆಸರಿನ ಮೊದಲಕ್ಷರ. ಶದ್ದಾಯ್ ಎಂಬುದರ ಮೂರು ಅಕ್ಷರಗಳನ್ನು ‘ಇಸ್ರಾಯೇಲಿನ ಬಾಗಿಲುಗಳ ಕಾವಲುಗಾರ’ ಎಂಬ ಹೀಬ್ರೂ ಮಾತಿನ ಮೊದಲಕ್ಷರಗಳಾಗಿಯೂ ವಿವರಿಸುವುದುಂಟು. ಒಳಗೆ ಹೊರಗೆ ಓಡಾಡುವಾಗ ಅನೇಕರು ಮೆಜೂಜಾವನ್ನು ಬೆರಳಿನಿಂದ ಮುಟ್ಟಿ, ಆ ಬೆರಳಿಗೆ ಮುತ್ತಿಡುತ್ತಾರೆ. ಶಿನ್‌ನ ಅರ್ಥ ಇಷ್ಟು ನೇರವಾಗಿ ಕಣ್ಣಿಗೆ ಕಾಣುವ ಜಾಗ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಳಗಿನ ಪ್ರಾರ್ಥನೆಯಲ್ಲಿ ಹಣೆಯ ಮೇಲ್ಭಾಗದಲ್ಲಿ ಕಟ್ಟಿಕೊಳ್ಳುವ ಚರ್ಮದ ಪೆಟ್ಟಿಗೆಯಾದ ತೆಫಿಲಿನ್ ಮೇಲೂ ಶಿನ್ ಉಬ್ಬಿ ನಿಂತಿರುತ್ತದೆ. ತೊಟ್ಟವರ ಬಲಬದಿಯಲ್ಲಿ ಅದಕ್ಕೆ ಎಂದಿನ ಮೂರು ಕೈ, ಎಡಬದಿಯಲ್ಲಿ ನಾಲ್ಕು. ಈ ನಾಲ್ಕನೆಯ ಕೈಗೆ ಪರಂಪರೆಯಲ್ಲಿ ಹಲವು ವ್ಯಾಖ್ಯಾನಗಳಿರುವುದರಿಂದ, ಒಂದನ್ನೇ ಹಿಡಿದು ಇದೇ ನಿಜವೆಂದು ಬರೆಯುವುದು ತಪ್ಪಾಗುತ್ತದೆ.

ಸಂಖ್ಯೆಯ ವಿಚಾರ ಸರಳ. ಹೀಬ್ರೂವಿನ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯುಂಟು; ಶಿನ್‌ನ ಬೆಲೆ 300. ಅದಕ್ಕೆ ಆ ದೇವನಾಮದ ಉಳಿದೆರಡು ಅಕ್ಷರಗಳಾದ ದಾಲೆತ್‌ನ 4, ಯೋದ್‌ನ 10 ಸೇರಿದರೆ ಶದ್ದಾಯ್ ಎಂಬ ಹೆಸರು 314 ಆಗುತ್ತದೆ.

ಬೆಂಕಿಯ ಸಂಕೇತವನ್ನು ಕೊನೆಗೆ ಓದಿಕೊಳ್ಳಿ. ‘ಸೇಫರ್ ಯೆತ್ಸಿರಾ’ ಎಂಬ ಪ್ರಾಚೀನ ಅನುಭಾವ ಗ್ರಂಥವು ಆಲೆಫ್, ಮೇಮ್, ಶಿನ್ ಎಂಬ ಮೂರನ್ನು ‘ತಾಯಿ ಅಕ್ಷರ’ಗಳೆಂದು ಕರೆದು, ಕ್ರಮವಾಗಿ ಗಾಳಿ, ನೀರು, ಬೆಂಕಿಗಳಿಗೆ ಹೊಂದಿಸುತ್ತದೆ. ಬೆಂಕಿಗೆ ಹೀಬ್ರೂವಿನಲ್ಲಿರುವ ‘ಏಶ್’ ಎಂಬ ಪದ ಶಿನ್‌ನಲ್ಲೇ ಮುಗಿಯುತ್ತದೆ. ಮೂರು ಕೈಗಳನ್ನು ಜ್ವಾಲೆಗಳಂತೆ ಕಾಣುವುದೂ ಇದಕ್ಕೆ ಹೊಂದುತ್ತದೆ. ಆದರೆ ಇದು ಅನುಭಾವಿಗಳ ಓದು. ಆದ್ದರಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಪ್ರತಿ ಅರ್ಥದ ಪಕ್ಕದಲ್ಲಿ ಅದು ಬೈಬಲಿನದೋ, ನಿತ್ಯಾಚರಣೆಯದೋ, ಅನುಭಾವ ಗ್ರಂಥದ್ದೋ ಎಂದು ಗುರುತು ಹಾಕಿಕೊಳ್ಳಿ.